ಕುರ್ಚಿ ಹೊತ್ತು ಬಂದವಳು

ಹಾಸಿಗೆ ಹೊಲಿಯುವವನ ಮಗಳಿಗೆ ಮತ್ತೆ ಕೆಮ್ಮು ಶುರುವಾಗಿತ್ತು.

ಅದು ಮಕ್ಕಳಿಗೆಲ್ಲ ಬಂದುಹೋಗುವ ಕೆಮ್ಮಲ್ಲ. ಎದೆಯೊಳಗೆ ನೀರು ಕುದಿಯುವ ಹಾಗೆ ಗೊರಗೊರ ಸದ್ದು, ಆಮೇಲೆ ಗಂಟಲಲ್ಲೇ ಸತ್ತುಹೋಗುವ ಒಂದು ಸಣ್ಣ ಕೆಮ್ಮು, ಆಮೇಲೆ ಸುಸ್ತು. ಹುಡುಗಿಗೆ ಆರು ವರ್ಷ. ಹುಟ್ಟಿದಾಗ ಉಸಿರು ತಡವಾಗಿ ಬಂದಿತ್ತು. ಕತ್ತು ನಿಲ್ಲುತ್ತಿರಲಿಲ್ಲ. ಕೈಕಾಲು ಒಂದು ಗಳಿಗೆ ಸೆಟೆದುಕೊಂಡರೆ ಇನ್ನೊಂದು ಗಳಿಗೆ ಜೋತುಬೀಳುತ್ತಿದ್ದವು. ಮಾತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಬೆಣ್ಣೆ ಎಂದು ಕರೆಯುತ್ತಿದ್ದರು. ಒಂದು ವರ್ಷದಲ್ಲಿ ಮೂರು ಸಲ ಆಸ್ಪತ್ರೆ ಸೇರಿ ಬಂದಿದ್ದಳು. ಮೂರನೆಯ ಸಲ ಮನೆಗೆ ಕಳಿಸುವಾಗ ಡಾಕ್ಟರು ಚೀಟಿಯಿಂದ ತಲೆ ಎತ್ತದೆಯೇ, "ಈ ಎದೆ ಇನ್ನೊಂದು ಸಲ ತಡೆಯೋದು ಕಷ್ಟ" ಎಂದಿದ್ದರು.

ಮನೆ ಎರಡು ಕೋಣೆಯದು. ಮುಂದಿನದು ಕೆಲಸದ ಕೋಣೆ. ತೊಲೆಯಿಂದ ಹತ್ತಿ ಹಿಂಜುವ ಬಿಲ್ಲು ತೂಗುಬಿದ್ದಿತ್ತು. ದಿನವಿಡೀ ಹಿಂಜಿದ ಹತ್ತಿಯ ಎಳೆ ಗೋಡೆಗೆ, ದೀಪದ ಗುಂಡಿಗೆ, ನೀರಿನ ಕೊಡದ ಕಂಠಕ್ಕೆ ಅಂಟಿಕೊಂಡು ಇಡೀ ಮನೆಗೆ ನರೆ ಬಂದ ಹಾಗೆ ಕಾಣುತ್ತಿತ್ತು. ಹಿಂದಿನ ಕೋಣೆಯಲ್ಲಿ ಬೆಣ್ಣೆಯ ಹಾಸಿಗೆ. ಆ ಹಾಸಿಗೆಯೇ ಅಪ್ಪನ ಹೆಮ್ಮೆ. ಗಿರಾಕಿಗಳಿಗೆ ತುಂಬುವ ಹತ್ತಿಯ ಎರಡರಷ್ಟನ್ನು ಅದರಲ್ಲಿ ತುಂಬಿದ್ದ, ಅದೂ ಬೀಜದ ಚೂರಿಲ್ಲದ ಹತ್ತಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಹಿಂಜಿ, ಮತ್ತೆ ಹೊಲಿಯುತ್ತಿದ್ದ. "ದುಡ್ಡಿದ್ದವರ ಮನೇಲೂ ಇಂಥ ಹಾಸಿಗೆ ಇಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮಗಳಿಗೆ ಅವನು ಕೊಡಬಲ್ಲದ್ದು ಅದೊಂದೇ ಆಗಿತ್ತು. ಅದನ್ನು ಮನಸಾರೆ ಕೊಟ್ಟಿದ್ದ.

ಬೆಣ್ಣೆಯೂ ಅಪ್ಪನಿಗೆ ಒಂದು ಕೊಡುತ್ತಿದ್ದಳು. ಬೆಳಿಗ್ಗೆ ಬಿಲ್ಲಿನ ಹುರಿ ಮೊದಲ ಸಲ ಟೊಂಯ್ ಎಂದಾಗ ಒಳಗಿನಿಂದ "ಊಂ" ಎನ್ನುತ್ತಿದ್ದಳು. ಒಂದೇ ಸಲ. ಅದನ್ನು ಕೇಳಿಸಿಕೊಂಡ ಮೇಲೆಯೇ ಅವನು ಎರಡನೆಯ ಏಟು ಹಾಕುತ್ತಿದ್ದದ್ದು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬಳು ಹೆಂಗಸು ನಿಂತಳು. ನಲವತ್ತರ ಹತ್ತಿರದ ವಯಸ್ಸು. ಎಡಗೈ ಎದೆಗೆ ಮಡಚಿಕೊಂಡಿತ್ತು, ಎಡಗಾಲು ನೆಲ ಗೀರುತ್ತಿತ್ತು. ಬೆನ್ನಿಗೆ ಹಗ್ಗದಲ್ಲಿ ಕಟ್ಟಿಕೊಂಡ ಒಂದು ಮರದ ಸಾಮಾನು. ಪೇಟೆಯ ದೊಡ್ಡ ದರ್ಜಿ ಅಂಗಡಿಯಲ್ಲಿ ಒಂದೇ ಕೈಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವವಳು. ಹಾಗಾಗಿ ಎಲ್ಲರಿಗೂ ಗುಂಡಿ ಅಕ್ಕ.

"ಏನಮ್ಮ ಅದು ಬೆನ್ ಮೇಲೆ? ಮಾರೋಕೆ ಬಂದಿದ್ರೆ ಮುಂದಿನ ಮನೆ ನೋಡು" ಎಂದ ಹಾಸಿಗೆಯವನು.

"ಮಾರೋದಲ್ಲ ಅಣ್ಣ, ಕೊಟ್ಟು ಹೋಗೋದು. ಆಸ್ಪತ್ರೆ ನರ್ಸಮ್ಮ ನಿಮ್ಮ ಮನೆ ಹೇಳಿ ಕಳ್ಸಿದ್ರು. ಮಗು ನೋಡಬಹುದಾ?"

ಅವನು ಅವಳ ಕೈ ನೋಡಿದ, ಕಾಲು ನೋಡಿದ.

"ನೀನೇ ನೆಟ್ಟಗೆ ನಡೆಯೋಕಾಗಲ್ಲ. ನನ್ನ ಮಗಳನ್ನ ನಡೆಸ್ತೀಯಾ?"

"ನಡೆಸೋಕೆ ಬಂದಿಲ್ಲ ಅಣ್ಣ. ಕೂರಿಸೋಕೆ ಬಂದೆ. ಮೊದಲು ನೀವು ನನ್ನನ್ನ ಕೂರ್ಸಿ, ಬೆನ್ನು ಬಿದ್ದುಹೋಗ್ತಿದೆ."

ಒಳಗಿದ್ದ ಅಜ್ಜಿ ನಕ್ಕುಬಿಟ್ಟಳು. "ಬಿಡೋ, ಬಾಯಿ ಚೆನ್ನಾಗಿದೆ ಇವಳದ್ದು. ಒಳಗೆ ಬರಲಿ."

ಹಿಂದಿನ ಕೋಣೆಯಲ್ಲಿ ತಾಯಿ ಬೆಣ್ಣೆಗೆ ಗಂಜಿ ಕುಡಿಸುತ್ತಿದ್ದಳು. ಮಗು ಅಂಗಾತ ಮಲಗಿತ್ತು. ಹತ್ತಿಯಲ್ಲಿ ಹೂತುಹೋಗಿ ಮೂಗು, ಮೊಣಕಾಲು ಮಾತ್ರ ಮೇಲೆ ಕಾಣುತ್ತಿದ್ದವು. ತಲೆ ಗುಂಡಿಯೊಂದರಲ್ಲಿ ಸಿಕ್ಕಿಕೊಂಡ ಹಾಗೆ ಹಿಂದಕ್ಕೆ ವಾಲಿತ್ತು. ನೀರಾದ ಗಂಜಿಯನ್ನು ತಾಯಿ ಚಮಚದಲ್ಲಿ ಕೆನ್ನೆಯೊಳಗೆ ಸುರಿಯುತ್ತಿದ್ದಳು. ಸುರಿದಾಗಲೆಲ್ಲ ಗೊರಗೊರ.

ಗುಂಡಿ ಅಕ್ಕ ಬೆನ್ನಿನ ಸಾಮಾನನ್ನು ಗೋಡೆಗೆ ಒರಗಿಸಿದಳು. ಬಲಗೈಯನ್ನು ಮಗುವಿನ ಸೊಂಟದ ಕೆಳಗೆ ಮೆಲ್ಲಗೆ ತೂರಿಸಿದಳು. ಮೊಣಕೈವರೆಗೆ ಹತ್ತಿಯಲ್ಲಿ ಮುಳುಗಿತು. ಮಗುವನ್ನು ತುಸು ಹೊರಳಿಸಿದಾಗ ಸೊಂಟದ ಮೂಳೆಯ ಮೇಲೆ ನಾಣ್ಯದಗಲದ ಹುಣ್ಣು ಕಂಡಿತು.

"ಇಷ್ಟು ಮೆತ್ತಗಿದ್ರೂ ಯಾಕೆ ಆಗುತ್ತೋ" ಎಂದಳು ತಾಯಿ.

"ಮೆತ್ತಗಿರೋದಕ್ಕೇ ಆಗೋದು ತಂಗಿ. ಹೂತುಕೊಂಡ ಮಗು ಹೊರಳೋಕೆ ಯಾವುದನ್ನ ಒದ್ದು ಹೊರಳಬೇಕು? ಒದ್ದರೆ ಹತ್ತಿ ಒಳಗೆ ಹೋಗುತ್ತೆ ಅಷ್ಟೆ. ಅವಳು ಬಾವಿಯೊಳಗೆ ಮಲಗಿದ ಹಾಗೆ ಮಲಗಿದ್ದಾಳೆ."

ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ಕೆಂಪಾಯಿತು. "ಹಾಸಿಗೆ ಬಗ್ಗೆ ನನಗೆ ಪಾಠ ಹೇಳ್ತೀಯಾ? ಮೂವತ್ತು ವರ್ಷದಿಂದ ಹೊಲೀತಿದ್ದೀನಿ."

"ಹಾಸಿಗೆ ಬಗ್ಗೆ ನನಗೇನೂ ಗೊತ್ತಿಲ್ಲ ಅಣ್ಣ. ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಮಗು ಪಕ್ಕ ಸ್ವಲ್ಪ ಮಲಗಿ. ಹಾಗೇ, ಅಂಗಾತ. ತಲೆ ಹಿಂದಕ್ಕೆ ಹಾಕಿ. ತಂಗಿ, ಇವರಿಗೆ ಮಗೂಗೆ ಹಾಕೋ ಹಾಗೇ ಒಂದು ಚಮಚ ನೀರು ಹಾಕು. ಒಂದೇ."

"ಇದೇನು ಮಕ್ಕಳಾಟ!"

"ಮಲಗೋ" ಎಂದಳು ಅಜ್ಜಿ. "ನಿನಗೆ ನಾನೂ ಹೀಗೇ ಕುಡಿಸಿದ್ದೆ, ಸತ್ತಿಲ್ಲವಲ್ಲ."

ಗೊಣಗುತ್ತ ಮಲಗಿದ. ಹೆಂಡತಿ ಹೆದರುತ್ತಲೇ ಚಮಚ ಬಗ್ಗಿಸಿದಳು. ನೀರು ನುಂಗಬೇಕೆನ್ನುವಷ್ಟರಲ್ಲಿ ಅದು ಗಂಟಲಿಗೆ ತಾನಾಗಿ ಇಳಿದುಬಿಟ್ಟಿತು. ಅವನು ಎದ್ದು ಕೂತು ಕೆಮ್ಮತೊಡಗಿದ. ಮೂಗಿನಲ್ಲಿ ನೀರು ಬಂತು, ಕಣ್ಣು ಕೆಂಪಾದವು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಜ್ಜಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ನೀವು ಎದ್ದು ಕೂತ್ರಿ, ಕೆಮ್ಮಿ ಹೊರಗೆ ಹಾಕಿದ್ರಿ" ಎಂದಳು ಗುಂಡಿ ಅಕ್ಕ. "ಅವಳಿಗೆ ಏಳೋಕೂ ಆಗಲ್ಲ, ಗಟ್ಟಿಯಾಗಿ ಕೆಮ್ಮೋಕೂ ಆಗಲ್ಲ. ಗಂಜಿ ಹೊಟ್ಟೆಗೆ ಹೋಗೋ ಬದಲು ಎದೆಗೆ ಹೋಗುತ್ತೆ. ಅಲ್ಲೇ ಕೊಳೆಯುತ್ತೆ. ಮೂರು ಸಲ ಆಸ್ಪತ್ರೆಗೆ ಹೋಗಿದ್ದು ಅದಕ್ಕೇ ಅಂತ ನರ್ಸಮ್ಮ ಹೇಳಿದ್ರು."

ತಾಯಿ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. "ದಿನಕ್ಕೆ ಐದು ಸಲ ಕುಡಿಸ್ತಿದ್ದೆ" ಎಂದಳು. "ಬಡವಾಗಿದ್ದಾಳೆ ಅಂತ ಈ ತಿಂಗಳು ಆರು ಸಲ."

ಗುಂಡಿ ಅಕ್ಕ ಸಾಮಾನಿನ ಹಗ್ಗ ಬಿಚ್ಚಿದಳು. ಅದೊಂದು ಮಕ್ಕಳ ಕುರ್ಚಿ. ಬೆನ್ನಿಗೆ ಎರಡು ಹಲಗೆ ಮೂಲೆಯ ಹಾಗೆ ಕೂಡಿದ್ದವು, ಅದರಲ್ಲಿ ಕೂತರೆ ಹೆಗಲು ತಾನಾಗಿ ಮುಂದಕ್ಕೆ ಬರುತ್ತಿತ್ತು. ಕಾಲಿಗೆ ಅಡ್ಡಹಲಗೆ, ಸೊಂಟಕ್ಕೆ ಬಟ್ಟೆಯ ಪಟ್ಟಿ, ಮುಂದೆ ಕೈ ಊರಲು ತಟ್ಟೆಯಂಥ ಹಲಗೆ. ಮಕ್ಕಳ ಕೈ ತಾಗಿ ತಾಗಿ ಮರ ಕರಿಬಣ್ಣಕ್ಕೆ ತಿರುಗಿತ್ತು. ಕೂರುವ ಹಲಗೆಯ ನಡುವೆ, ಕೊಡ ಇಟ್ಟಂಥ ದುಂಡನೆಯ ಬಿಳಿ ಕಲೆಯೊಂದಿತ್ತು.

"ಇದರಲ್ಲಿ ಮೊದಲು ಕೂತೋಳು ನಾನೇ" ಎಂದಳು. "ನಾಲ್ಕು ವರ್ಷದವರೆಗೆ ನಾನೂ ಹೀಗೇ ಬಿದ್ದಿದ್ದೆ. ನಮ್ಮ ಬೀದೀಲಿ ಒಬ್ಬ ಬಡಗಿ ತಾತ ಇದ್ದ. ನೆಂಟನಲ್ಲ, ಏನಲ್ಲ. ಆಸ್ಪತ್ರೆಗೆ ಹೋಗಿ ಕೇಳಿ ಅಳತೆ ತಂದು ಇದನ್ನ ಮಾಡ್ದ. ಮೂರು ವರ್ಷ ಪ್ರತಿ ಭಾನುವಾರ ಬಂದು ನನ್ನನ್ನ ಕೂರ್ಸಿ ಊಟ ಮಾಡಿಸ್ತಿದ್ದ. ನಮ್ಮಪ್ಪ ಏನು ಕೊಡಬೇಕು ಅಂತ ಕೇಳಿದ್ದಕ್ಕೆ, 'ಇವಳು ಇದರಿಂದ ಎದ್ದ ಮೇಲೆ ಮುಂದಿನ ಮಗು ಮನೆಗೆ ನೀವೇ ಹೊತ್ಕೊಂಡು ಹೋಗಬೇಕು, ಅಷ್ಟೆ' ಅಂದ. ಅದೇ ಇದರ ಕಟ್ಟಳೆ. ಒಂದೊಂದು ಮಗೂಗೂ ಅಡಿಯಲ್ಲಿ ಒಂದೊಂದು ಗೀಟು ಕೊರೀತಿದ್ದ."

ಅಪ್ಪ ಹಲಗೆಯನ್ನು ಬೆರಳಿನಿಂದ ಕುಟ್ಟಿ ನೋಡಿದ. ಟಕಟಕ ಎಂದಿತು. "ಹೆಣ ಮಲಗಿಸೋ ಹಲಗೆ ಇದ್ದ ಹಾಗಿದೆ" ಎಂದ. "ಇದರ ಮೇಲೆ ನನ್ನ ಮಗಳನ್ನ ಕೂರಿಸ್ಬೇಕಾ?"

"ಒಂದು ವಾರ ಮಾತ್ರ ನೋಡೋಣ. ನಾಳೆ ನರ್ಸಮ್ಮನೂ ಬಂದು ಪಟ್ಟಿ ಸರಿಮಾಡಿ ಹೋಗ್ತಾರೆ."

ಅವತ್ತು ಅವಳೇ ತೋರಿಸಿಕೊಟ್ಟಳು. ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ತುಸು ಎದೆಯ ಕಡೆ ಬಗ್ಗಿಸಿ, ಗಂಜಿಯನ್ನು ಚಮಚದಿಂದ ಜಾರದಷ್ಟು ಗಟ್ಟಿ ಮಾಡಿ, ಅರ್ಧ ಚಮಚ. ನುಂಗಿದ್ದನ್ನು ಗಂಟಲ ಮೇಲೆ ಕಣ್ಣಿಟ್ಟು ನೋಡಿ, ಆಮೇಲೆ ಇನ್ನರ್ಧ. ಊಟವಾದ ಮೇಲೆ ಅರ್ಧ ಗಂಟೆ ಕೂತೇ ಇರಬೇಕು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಗೊರಗೊರ ಎರಡೇ ಸಲ ಕೇಳಿಸಿತು.

"ಇಷ್ಟು ಹೊತ್ತು ಯಾರ ಹತ್ರ ಇದೆ ತಾಯಿ?" ಎಂದಳು ಅಜ್ಜಿ.

"ಭಾನುವಾರ ನನ್ನ ಹತ್ರ ಇದೆ" ಎಂದಳು ಗುಂಡಿ ಅಕ್ಕ.

ಬಾಗಿಲವರೆಗೆ ಬಂದ ಅಪ್ಪ, "ಮುಂದಿನ ವಾರ ಬರೋ ತೊಂದ್ರೆ ತಗೋಬೇಡ, ನಾವೇ ನೋಡ್ಕೋತೀವಿ" ಎಂದ.

ಆ ಮಾತನ್ನು ಅವಳು ಮೊದಲೂ ಕೇಳಿದ್ದಳು. ಎರಡು ವರ್ಷದ ಹಿಂದೆ ಗಾಡಿ ಹೊಡೆಯುವವನ ಮನೆಗೆ, ಐದು ವರ್ಷದ ಗಂಡುಮಗುವಿಗಾಗಿ ಇದೇ ಕುರ್ಚಿ ಹೊತ್ತು ಹೋಗಿದ್ದಳು. ಮೂರು ವಾರ ಕಳೆದ ಮೇಲೆ ಆ ಮನೆಯವರು ಹೀಗೇ, ಇದೇ ಮರ್ಯಾದೆಯ ದನಿಯಲ್ಲಿ ಹೇಳಿದ್ದರು. ಅವಳಿಗೆ ಸಂಕೋಚವಾಯಿತು. ಬೇಡವೆಂದವರ ಮನೆಗೆ ಹೇಗೆ ಹೋಗುವುದೆಂದು ನಿಲ್ಲಿಸಿದಳು. ಎರಡು ತಿಂಗಳ ಮೇಲೆ ಸುದ್ದಿ ಬಂತು. ಹೋದಾಗ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಕುರ್ಚಿ ಅಡಿಗೆಮನೆಯ ಮೂಲೆಯಲ್ಲಿತ್ತು, ಮೇಲೆ ನೀರಿನ ಕೊಡ. ಆ ತಾಯಿಯೇ ಕೊಡ ಇಳಿಸಿ, ಸೆರಗಿನಿಂದ ಒರೆಸಿ ಕೊಟ್ಟಳು. ಒರೆಸಿದರೂ ಕಲೆ ಹೋಗಿರಲಿಲ್ಲ.

"ಬರ್ತೀನಿ ಅಣ್ಣ" ಎಂದಳು ಗುಂಡಿ ಅಕ್ಕ. "ನೀವು ಬೈದ್ರೂ ಬರ್ತೀನಿ."

ಮುಂದಿನ ಭಾನುವಾರ ಬಂದಾಗ ಮನೆಗೆ ಬೀಗ. ಪಕ್ಕದ ಇಸ್ತ್ರಿ ಅಂಗಡಿಯವನು ಕೆಂಡದ ಪೆಟ್ಟಿಗೆ ಪಕ್ಕಕ್ಕಿಟ್ಟು, "ಶುಕ್ರವಾರ ಮಧ್ಯಾಹ್ನ ಕರ್ಕೊಂಡು ಹೋದ್ರು. ಮಗು ನೀಲಿ ಆಗಿಬಿಟ್ಟಿತ್ತಂತೆ" ಎಂದ. ಕಿಟಕಿಯಿಂದ ಅವಳು ಒಳಗೆ ಇಣುಕಿದಳು. ಕುರ್ಚಿ ಕೋಣೆಯ ನಡುವೆಯೇ ಇತ್ತು. ಆದರೆ ಹಲಗೆ ಕಾಣಿಸಲಿಲ್ಲ. ಬೆನ್ನಿಗೊಂದು, ಕೆಳಗೊಂದು ಎಂದು ಹೊಸದಾಗಿ ಹೊಲಿದ ಬಿಳಿ ದಿಂಬುಗಳು ಉಬ್ಬಿ ನಿಂತಿದ್ದವು. ಅಂಚಿಗೆ ನೀಲಿ ದಾರದ ಹೊಲಿಗೆ, ಒಂದೊಂದೂ ಅಳತೆ ತಪ್ಪದ್ದು.

ಆಸ್ಪತ್ರೆಯ ಓಣಿಯಲ್ಲಿ ಹಾಸಿಗೆಯವನು ನೆಲದ ಮೇಲೆ ಕೂತಿದ್ದ. ಅಂಗಿಯ ತೋಳಲ್ಲಿ ಇನ್ನೂ ಹತ್ತಿ ಇತ್ತು. ಅವಳನ್ನು ಕಂಡು ಏಳಲು ಹೋದ, ಆಗಲಿಲ್ಲ.

"ಒಳಗೆ ಅವಳಮ್ಮ ಒಬ್ಬಳನ್ನೇ ಬಿಟ್ಟಿದ್ದಾರೆ" ಎಂದ. "ನಾಲ್ಕು ದಿನ ಚೆನ್ನಾಗಿದ್ಲು. ನರ್ಸಮ್ಮ ಬಂದು ಎಲ್ಲಾ ಸರಿ ಇದೆ ಅಂದ್ರು. ಅವಳ ತೊಡೆ ಹಿಂದೆ ಹಲಗೆ ಗುರುತು ಕೆಂಪಗೆ ಕಾಣಿಸ್ತು. ಊರಿಗೆಲ್ಲ ಹಾಸಿಗೆ ಹೊಲಿಯೋನ ಮಗಳು ಹಲಗೆ ಮೇಲಾ ಅನ್ನಿಸ್ತು. ಅವಳಮ್ಮ ಬೇಡ ಅಂದ್ಲು. ನಾನೇ ಕೇಳ್ಲಿಲ್ಲ. ಕೂತು ಹೊಲಿದು ಹಾಕ್ದೆ. ಹೂವಿನ ಹಾಗೆ ಕೂತಿದ್ಲು. ಆಮೇಲೆ ಊಟ ಮಾಡ್ತಾ ಮಾಡ್ತಾ ದಿಂಬಿನೊಳಗೆ ಜಾರಿ ಕತ್ತು ಹಿಂದಕ್ಕೆ ವಾಲ್ತು, ಗಂಜಿ ಎದೆಗೆ ಹೋಯ್ತು."

ಗುಂಡಿ ಅಕ್ಕ ಗೋಡೆ ಹಿಡಿದು ಅವನ ಪಕ್ಕ ನೆಲಕ್ಕೆ ಇಳಿದಳು.

"ಬೈಯಮ್ಮ" ಎಂದ ಅವನು. "ಬೈದುಬಿಡು."

"ನಾನು ಯಾವ ಬಾಯಲ್ಲಿ ಬೈಯಲಿ ಅಣ್ಣ?" ಎಂದು ಅವಳು ಗಾಡಿಯವನ ಮಗುವಿನ ಕಥೆ ಹೇಳಿದಳು. ಕೊಡದ ಕಲೆಯ ಕಥೆ. ಹೆಚ್ಚು ಬಣ್ಣ ಕಟ್ಟದೆ, ಅಂಗಿಗೆ ಗುಂಡಿ ಹಚ್ಚುವ ಹಾಗೆ, ಒಂದಾದ ಮೇಲೊಂದು ಹೇಳಿದಳು. "ಅವರು ಬೇಡ ಅಂದ್ರು, ನಾನು ಬಿಟ್ಟೆ. ನನಗೆ ನನ್ನ ಮರ್ಯಾದೆ ದೊಡ್ಡದಾಯ್ತು. ಬಡಗಿ ತಾತನಿಗೆ ನಮ್ಮಪ್ಪ ಎಷ್ಟು ಸಲ ಬಾಗಿಲು ಹಾಕಿದ್ದನೋ. ಅವನು ಜಗಲಿ ಮೇಲೆ ಕೂತಿರ್ತಿದ್ದ, ತೆಗೆಯೋವರೆಗೆ."

ಹಾಸಿಗೆಯವನು ಅಳಲಿಲ್ಲ. ತೋಳಿನ ಹತ್ತಿಯನ್ನು ಒಂದೊಂದೇ ಎಳೆಯಾಗಿ ಕಿತ್ತು, ಉಂಡೆ ಮಾಡಿ, ಬೆರಳ ನಡುವೆ ಒತ್ತುತ್ತ ಕೂತಿದ್ದ. ಸಂಜೆಯ ಹೊತ್ತಿಗೆ ಅದು ಗೋಲಿಯಷ್ಟು ಗಟ್ಟಿಯಾಗಿತ್ತು.

ಬೆಣ್ಣೆ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿದಳು. ಮನೆಗೆ ಬಂದಾಗ ಎತ್ತಿದರೆ ತೂಕವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಬಿಲ್ಲಿನ ಹುರಿ ಒಮ್ಮೆ ಮೀಟಿ ನಿಂತ. ಒಳಗಿನಿಂದ ಸದ್ದು ಬರಲಿಲ್ಲ. ಇನ್ನೊಮ್ಮೆ ಮೀಟಿದ. ಹುರಿಯ ಸದ್ದು ನಿಂತ ಮೇಲೂ ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಬಿಲ್ಲನ್ನು ತೊಲೆಯಿಂದ ಬಿಚ್ಚಿ ಹಿತ್ತಲಿನ ಚಪ್ಪರಕ್ಕೆ ಸಾಗಿಸಿದ. ಹತ್ತಿಯ ಧೂಳು ಮಗಳ ಎದೆಗೆ ಹೋಗದಿರಲೆಂದು ನರ್ಸಮ್ಮ ಎಂದೋ ಹೇಳಿದ್ದರು, ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅದೇ ವಾರ ಮಗಳ ಹಾಸಿಗೆ ಬಿಚ್ಚಿದ. ಹತ್ತಿ ಅರ್ಧ ತೆಗೆದು, ಉಳಿದದ್ದನ್ನು ನೀರು ಚಿಮುಕಿಸಿ, ಕೋಲಿನಿಂದ ಬಡಿದು, ಬಿಸಿಲಿಗೆ ಹಾಕಿ, ಮತ್ತೆ ಬಡಿದು, ಅಂಗೈ ಒತ್ತಿದರೂ ತಗ್ಗದ ಹಾಗೆ ಬೆರಳಗಲಕ್ಕೊಂದು ಟಾಕಿ ಹೊಲಿಗೆ ಹಾಕಿ ಮುಗಿಸಿದ. ಜೀವಮಾನದಲ್ಲಿ ಅವನು ಹೊಲಿದ ಮೊದಲ ಗಟ್ಟಿ ಹಾಸಿಗೆ ಅದು. ಮಲಗಿದಾಗ ಮಗಳು ಪಕ್ಕಕ್ಕೆ ಒರಗಿ ಉಳಿಯಲೆಂದು ಕಂಬದಂಥ ಎರಡು ಗಟ್ಟಿ ಸುರುಳಿಗಳನ್ನೂ ಮಾಡಿದ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ಅಜ್ಜಿಯದಾಯಿತು. ಸೊಂಟದ ಹುಣ್ಣು ಒಣಗಲು ಎರಡು ತಿಂಗಳಾಯಿತು.

ಗುಂಡಿ ಅಕ್ಕ ಪ್ರತಿ ಭಾನುವಾರ ಬಂದಳು. ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ಅವಳು ಬಂದ ಕೂಡಲೇ ತಾಯಿ ಚಮಚ ಅವಳ ಕೈಗೆ ಕೊಟ್ಟು ಬಟ್ಟೆ ಒಗೆಯಲು ಹೋಗುತ್ತಿದ್ದಳು. ವಾರಕ್ಕೆ ಆ ಮುಕ್ಕಾಲು ಗಂಟೆ ಅವಳಿಗೆ ಸಿಗುತ್ತಿತ್ತು. ಒಮ್ಮೆ ಒಗೆಯದೆ ಸುಮ್ಮನೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದನ್ನು ಅಜ್ಜಿ ಕಂಡಳು. ಹಿತ್ತಲ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

ಬೆಣ್ಣೆ ನಡೆಯಲಿಲ್ಲ, ಮಾತಾಡಲಿಲ್ಲ. ಆದರೆ ಎಂಟು ತಿಂಗಳು ಆಸ್ಪತ್ರೆಗೂ ಹೋಗಲಿಲ್ಲ. ಒಂಬತ್ತನೆಯ ತಿಂಗಳಲ್ಲಿ ಅವಳ ಮೊಣಕಾಲು ಕುರ್ಚಿಯ ಹಲಗೆ ದಾಟಿತು. ಅಪ್ಪ ಬಡಗಿ ತಾತನ ಮೊಮ್ಮಗನಿಂದ ಅದೇ ಅಳತೆಯನ್ನು ಹಿಗ್ಗಿಸಿ ಹೊಸ ಕುರ್ಚಿ ಮಾಡಿಸಿದ. ಹಳೆಯದನ್ನು ಬೋರಲು ಹಾಕಿ ಉಳಿಯಿಂದ ಒಂದು ಗೀಟು ಕೊರೆದ. ಕೊರೆದು ಮುಗಿಸಿ ಪಕ್ಕದ ಗೀಟನ್ನು ಬೆರಳಿನಿಂದ ಮುಟ್ಟಿ, "ಇದು ಯಾರದ್ದು?" ಎಂದ.

"ಗಾಡಿಯವರ ಮಗೂದು" ಎಂದಳು ಗುಂಡಿ ಅಕ್ಕ. "ಅದನ್ನ ನಾನೇ ಕೊರೆದೆ. ತಾತ ಆಗಲೇ ಇರಲಿಲ್ಲ."

ಭಾನುವಾರ ಅವಳು ಕುರ್ಚಿ ಒಯ್ಯಲು ಹಗ್ಗ ತಂದಾಗ ಅವನು ಅದಾಗಲೇ ಹೆಗಲಿಗೇರಿಸಿಕೊಂಡು ನಿಂತಿದ್ದ. "ದಾರಿ ತೋರ್ಸು" ಎಂದ. "ನಿನ್ನ ಬೆನ್ನಿಗೂ ರಜ ಬೇಡವಾ?"

ಮೂರು ಬೀದಿ ಆಚೆ, ಬಸ್ಸಿನ ಕಂಡಕ್ಟರನ ಮನೆ. ಒಳಕೋಣೆಯಿಂದ ಗೊರಗೊರ ಸದ್ದು ಬಾಗಿಲವರೆಗೆ ಕೇಳಿಸುತ್ತಿತ್ತು. ಕಂಡಕ್ಟರ್ ಬಾಗಿಲಿಗೆ ಅಡ್ಡವಾಗಿಯೇ ನಿಂತ.

"ನೀವೇನು ಡಾಕ್ಟ್ರಾ?"

"ಅಲ್ಲ, ಹಾಸಿಗೆ ಹೊಲಿಯೋನು."

"ಮತ್ತೆ ನಿಮಗೇನ್ರೀ ಗೊತ್ತು ಇದರ ಬಗ್ಗೆ?"

ಹಾಸಿಗೆಯವನು ಕುರ್ಚಿ ಕೆಳಗಿಳಿಸಿ ಹೆಗಲು ಉಜ್ಜಿಕೊಂಡ. "ತಪ್ಪು ಮಾಡೋದು ಗೊತ್ತು" ಎಂದ. "ಸ್ವಾಮಿ, ಒಂದು ಲೋಟ ನೀರು, ಒಂದು ಚಮಚ ತರ್ಸಿ. ನನಗಲ್ಲ, ನಿಮಗೆ. ಒಳಗೆ ಬಂದು ಮಗು ಪಕ್ಕ ಒಂದು ನಿಮಿಷ ಮಲಗಿ."

ಕಂಡಕ್ಟರ್ ಇನ್ನೂ ಬಾಗಿಲು ಬಿಟ್ಟಿರಲಿಲ್ಲ. ಹಾಸಿಗೆಯವನು ಒಮ್ಮೆ ಗುಂಡಿ ಅಕ್ಕನ ಕಡೆ ನೋಡಿದ. ಆಮೇಲೆ ಜಗಲಿಯ ಮೇಲೆ ಕೂತ.

ಇದನ್ನು ಓದುತ್ತಿರುವವರೇ, ನಿಮ್ಮೂರಿನ ಸಂಘದ ಸಭೆಯಲ್ಲಿ ಕೂತು ಕೇಳುತ್ತಿರುವವರೇ, ನಿಮ್ಮ ಬೀದಿಯಲ್ಲಿ ಇಂಥದೊಂದು ಒಳಕೋಣೆ ಇದೆ. ನಿಮಗೆ ಗೊತ್ತಿರುವ ಮನೆಯೇ ಇರಬಹುದು. ಅಲ್ಲಿನ ಮಗುವಿಗೆ ಮಲಗಿಸಿ ಉಣಿಸುತ್ತಿದ್ದರೆ, ಉಣ್ಣುವಾಗ ಎದೆಯಲ್ಲಿ ಸದ್ದು ಬರುತ್ತಿದ್ದರೆ, ಪದೇ ಪದೇ ಜ್ವರ ಕೆಮ್ಮು ಕಾಡುತ್ತಿದ್ದರೆ, ಇವತ್ತೇ ಹೋಗಿ ಹೇಳಿ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದು, ಹೇಗೆ ಕೂರಿಸಬೇಕು, ಹೇಗೆ ಉಣಿಸಬೇಕು ಎಂದು ತಿಳಿದವರಿಂದ ಕಲಿಯಲು ಅವರ ಜೊತೆ ನೀವೂ ಹೋಗಿ. ನಿಮಗೋ ನಿಮ್ಮ ಮಗುವಿಗೋ ಎಂದಾದರೂ ಯಾರಾದರೂ ಹೀಗೆ ನೆರವಾಗಿದ್ದರೆ, ನಿಮಗಿಂತ ಚೆನ್ನಾಗಿ ಈ ಕೆಲಸ ಬಲ್ಲವರಿಲ್ಲ. ವಾರಕ್ಕೆ ಮುಕ್ಕಾಲು ಗಂಟೆ ಸಾಕು. ಬೇಡ ಎಂದಾರು. ಬೈದಾರು. ಬಾಗಿಲು ಹಾಕಿಯಾರು. ಜಗಲಿಯ ಮೇಲೆ ಕೂತಿರಿ. ಮುಂದಿನ ವಾರ ಮತ್ತೆ ಹೋಗಿ.

ಬೆಣ್ಣೆಯ "ಊಂ" ಇನ್ನೂ ಬಂದಿಲ್ಲ. ಅವಳಪ್ಪ ಈಗಲೂ ಬೆಳಿಗ್ಗೆ ಹಿತ್ತಲ ಚಪ್ಪರದಲ್ಲಿ ಹುರಿಯನ್ನು ಒಮ್ಮೆ ಮೀಟಿ, ಕಿವಿಗೊಟ್ಟು ನಿಂತು, ಆಮೇಲೆಯೇ ಎರಡನೆಯ ಏಟು ಹಾಕುತ್ತಾನೆ.